ಮನೆಯವರ ಕಪ್

ಜೂನ್ 4

ಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ತಮ್ಮ ಏಕೈಕ ತಮ್ಮನೂ, ಅಂಗಡಿಗಳಿಗೆ ಬೋರ್ಡು ಬರೆಯುವ ಕಲಾವಿದನೂ, ಈ ಮನೆಯ ಹಾಲಿ ಯುವರಾಜನೂ ಆದ ನಾನು ಇಲ್ಲಿ ಕ್ಷೇಮ. ತಾವು ಅಲ್ಲಿ ಕ್ಷೇಮವೋ ಇಲ್ಲವೋ, ಅದು ಮೇಲಿರುವ ದೇವರಿಗೂ ನೀನು ಕೆಲಸ ಮಾಡುವ ಲಾಡ್ಜಿನ ಮ್ಯಾನೇಜರಿಗೂ ಮಾತ್ರ ಗೊತ್ತು. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಾಗುವುದಿಲ್ಲ, ಹರಿಯಬೇಕು. ಹರಿಯುವ ಮೊದಲು ಎರಡು ಸಾಲಾದರೂ ಕಣ್ಣಿಗೆ ಬೀಳುತ್ತದೆ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ವಿಷಯ ಗಂಭೀರವಾದದ್ದು. ಕೂತುಕೊಂಡು ಓದು.

ನನಗೆ ಬಡ್ತಿ ಸಿಕ್ಕಿದೆ.

ಅಂಗಡಿಯಲ್ಲಲ್ಲ. ಅಲ್ಲಿ ನಾನಿನ್ನೂ ಏಣಿ ಹೊರುವವನೇ. ಮನೆಯಲ್ಲಿ! ನಿನ್ನೆ ಬೆಳಿಗ್ಗೆ ಅಮ್ಮ ಚಹಾ ತಂದು ಮುಂದಿಟ್ಟಳು. ನೋಡಿದರೆ ನೀಲಿ ಅಂಚಿನ ಕಪ್. ಸಾಸರ್ ಸಮೇತ. ಹುಟ್ಟಿದಾಗಿನಿಂದ ಗಾಜಿನ ಬೀರುವಿನ ಈಚೆಯಿಂದ ನೋಡಿದ್ದೇವೆಯೇ ಹೊರತು ನಮ್ಮ ತುಟಿಗೆ ಅದು ತಾಕಿದ್ದುಂಟಾ? ಬಂದವರಿಗೆ ನೀಲಿ ಅಂಚು. ಮನೆಯವರಿಗೆ ಅಡುಗೆಮನೆ ಹಲಗೆಯ ಮೇಲಿನ ಗಾಯಾಳುಗಳ ವಾರ್ಡು. ನನ್ನದು ಬಾಯಿ ಒಡೆದದ್ದು, ಅಮ್ಮನದು ಬಿರುಕು ಬಿಟ್ಟದ್ದು, ನಿನ್ನದು ಹಿಡಿ ಮುರಿದ ಹಸಿರು ಕಪ್. (ಹಿಡಿ ಮುರಿದವನು ನಾನೇ ಎಂಬ ಆರೋಪ ಇನ್ನೂ ಸಾಬೀತಾಗಿಲ್ಲ.)

“ಇದು ಯಾರಿಗಮ್ಮಾ?” ಅಂದೆ.

“ನಿಮಗೇ. ತಗೊಳ್ಳಿ, ಆರಿಹೋಗುತ್ತೆ.”

ನಿಮಗೆ! ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿದ ಮೊದಲ ಬಹುವಚನ. ಅಮ್ಮನಿಗೂ ಕೊನೆಗೆ ತಮಾಷೆ ಮಾಡುವುದು ಬಂತಲ್ಲ ಎಂದು ಖುಷಿಯಾಗಿ, ಕಾಲ ಮೇಲೆ ಕಾಲು ಹಾಕಿ, “ಸಕ್ಕರೆ ಸ್ವಲ್ಪ ಕಮ್ಮಿ ಆಯ್ತಲ್ಲ ತಾಯಿ” ಅಂದೆ. ಸೌಟು ಹಾರಿಬರಬೇಕಿತ್ತು. ಸಕ್ಕರೆ ಬಂತು.

ಉಳಿದಂತೆ ಎಲ್ಲ ಮಾಮೂಲು. ಹೋದ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಆತ್ಮಿಕ ವರಗಳ ಬಗ್ಗೆ ಪ್ರಸಂಗ ಮಾಡಿದರು. ಕೆಲವರಿಗೆ ಬೋಧಿಸುವ ವರ, ಕೆಲವರಿಗೆ ಗುಣಪಡಿಸುವ ವರ, ನಮ್ಮ ಸಭೆಯ ಈ ತಾಯಿಗೆ ಸತ್ಕಾರದ ವರ ಎಂದು ಅಮ್ಮನತ್ತ ಕೈ ತೋರಿಸಿದರು. ನನಗೆ ಯಾವುದೂ ಇಲ್ಲವೇ ಎಂದು ಆಮೇಲೆ ವಿಚಾರಿಸಿದೆ. ನಿನಗೆ ಹಸಿವಿನ ವರ ಅಂದರು. ಪಾದ್ರಿಗಳ ಬಾಯಲ್ಲಿ ಸುಳ್ಳು ಬರುವುದಿಲ್ಲ.

ಬಂದವರಲ್ಲಿ ಯಾರು ದೇವದೂತರೋ ಯಾರು ಬಲ್ಲರು ಎನ್ನುವ ಅಮ್ಮನ ಸಿದ್ಧಾಂತವೂ ಹಾಗೇ ಇದೆ. ಈ ತಿಂಗಳ ದೇವದೂತ ಒಬ್ಬ ನನ್ನ ಚಪ್ಪಲಿ ಹಾಕಿಕೊಂಡು ಹೋದ. ರೆಕ್ಕೆ ಇದ್ದವನಿಗೆ ಚಪ್ಪಲಿ ಯಾಕೆ ಬೇಕಿತ್ತೋ. ಮಲಗಲು ಅವನಿಗೆ ಕೊಟ್ಟಿದ್ದೂ ನನ್ನ ಮಂಚವೇ. ನಿನ್ನ ಕೋಣೆ ಖಾಲಿ ಬಿದ್ದಿದೆ, ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ಯುವರಾಜ ಮಾತ್ರ ಬೆಂಚಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ತರಲೆಗೆಂದು ಬರೆದು ಬಾಗಿಲಿಗೆ ನೇತುಹಾಕಿದ ಬೋರ್ಡು ನೆನಪಿದೆಯಾ? ‘ಒಳಗೆ ಬರಲು ಅಪ್ಪಣೆ ಬೇಡ. ಹೋಗಲು ಬೇಕು.’ ಅದನ್ನು ಅಮ್ಮ ಇನ್ನೂ ತೆಗೆದಿಲ್ಲ. ಅದರಲ್ಲಿ ನಗುವಂಥದ್ದು ಏನೂ ಅವಳಿಗೆ ಕಾಣಿಸಿಲ್ಲ.

ನೀಲಿ ಅಂಚಿನ ಪದವೀಧರ,
ತರಲೆ

—

ಜೂನ್ 12

ತರಲೆ,

ಹರಿಯಲಿಲ್ಲ. ಓದಿದೆ. ನಗು ಬರಲಿಲ್ಲ.

ಅಮ್ಮ ತಮಾಷೆ ಮಾಡುವವಳಲ್ಲ. ನಾನು ಪರೀಕ್ಷೆಯಲ್ಲಿ ಸ್ಕೂಲಿಗೇ ಮೊದಲು ಬಂದ ದಿನ ಆ ಕಪ್ಪಿನಲ್ಲಿ ಹಾಲು ಕೊಡು ಅಂತ ಕೇಳಿದ್ದೆ. “ಅದು ಬಂದವರಿಗೆ, ಮಗೂ” ಅಂದಳು. ಅಪ್ಪ ತೀರಿಕೊಂಡ ದಿನ ಮನೆ ತುಂಬ ಜನ. ಎಲ್ಲರಿಗೂ ನೀಲಿ ಅಂಚಿನದರಲ್ಲೇ ಕೊಟ್ಟು, ತಾನು ಬಾಗಿಲ ಹಿಂದೆ ನಿಂತು ಬಿರುಕು ಕಪ್ಪಿನಲ್ಲಿ ಕುಡಿದಳು. ಗಂಡ ಸತ್ತ ದಿನವೂ ತನಗಾಗಿ ತೆಗೆಯದ ಕಪ್ಪನ್ನು ನಿನಗೆ ಯಾಕೆ ತೆಗೆದಳು?

ನೀನು ಅವಳ ಕಣ್ಣಿಗೆ ಯಾರಾಗಿ ಕಂಡೆಯೋ, ಅದನ್ನು ಯೋಚಿಸು.

ಇಲ್ಲಿ ಕೌಂಟರಿನಲ್ಲಿ ಕೂತು ದಿನಾ ಮುಖ ನೋಡುವುದೇ ನನ್ನ ಕೆಲಸ. ಗುರುತು ಹಿಡಿದು ನಗುವುದು ಬೇರೆ, ಗುರುತು ಸಿಗದಿದ್ದಾಗ ನಗುವುದು ಬೇರೆ. ಎರಡನೆಯದರಲ್ಲಿ ಮರ್ಯಾದೆ ಜಾಸ್ತಿ ಇರುತ್ತದೆ.

ಒಲೆ ಆರಿಸುತ್ತಾಳಾ ನೋಡು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾನು ಬರುವುದಿಲ್ಲ, ನೀನು ಕೇಳುವ ಮೊದಲೇ ಹೇಳುತ್ತಿದ್ದೇನೆ.

ಅಕ್ಕ

—

ಜೂನ್ 25

ಅಕ್ಕಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಮೊಸರಿನಲ್ಲಿ ಕಲ್ಲು ಹುಡುಕುವುದನ್ನು ಇವಳಿಂದ ಕಲಿಯಬೇಕು ಅಂದುಕೊಂಡೆ. ಸಿಟ್ಟು ಬಂದಾಗ ನಾನು ಏನು ಮಾಡುತ್ತೇನೆ ಅಂತ ನಿನಗೆ ಗೊತ್ತು. ಪೆಟ್ಟಿಗೆಯಿಂದ ಮೀಸೆ ತೆಗೆದೆ.

ಅದೇ ಮೀಸೆ. ಚರ್ಚಿನ ನಾಟಕದಲ್ಲಿ ಯೇಸುವಿನ ತಾಯ್ತಂದೆಯರಿಗೆ “ಜಾಗ ಇಲ್ಲ, ಮುಂದೆ ಹೋಗಿ” ಎನ್ನುವ ಛತ್ರದವನ ಪಾತ್ರಕ್ಕೆ ಕೊಟ್ಟದ್ದು. (“ನಾಟಕ ಆದ್ರೇನು, ಹಾಗನ್ನಬಾರದಿತ್ತು” ಎಂದು ಅಮ್ಮ ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದಳಲ್ಲ.) ಆಮೇಲೆ ಅದನ್ನೇ ಅಂಟಿಸಿಕೊಂಡು ಎಷ್ಟು ಸಲ ಮುಂಬಾಗಿಲು ತಟ್ಟಿದ್ದೇನೆ, ನೀಲಿ ಅಂಚಿನ ಆಸೆಗೆ! ಪ್ರತಿ ಸಲವೂ ಅಮ್ಮ ಒಳಗಿನಿಂದಲೇ, “ಮೀಸೆ ಹಿಂದಿರೋ ಮಂಗ ಹಿಂಬಾಗಿಲಿಂದ ಬರ್ಲಿ, ಕಾಲು ತೊಳ್ಕೊಂಡು” ಅನ್ನುತ್ತಿದ್ದಳು. ಕೆಮ್ಮಿದರೆ ಸಾಕು, ಗೊತ್ತಾಗಿಬಿಡುತ್ತಿತ್ತು.

ಶನಿವಾರ ಸಂಜೆ ತಟ್ಟಿದೆ. ಜೋರಾಗಿ ಕೆಮ್ಮಿಯೂ ಬಿಟ್ಟೆ.

“ಯಾರು?”

“ದಾರಿಹೋಕ, ತಾಯಿ. ಛತ್ರಿ ರಿಪೇರಿ ಮಾಡೋನು.”

ಬಾಗಿಲು ತೆರೆಯಿತು. “ಬನ್ನಿ ಬನ್ನಿ. ಪಾಪ, ಎಷ್ಟು ದೂರ ನಡೆದ್ರೋ. ಕೂತ್ಕೊಳ್ಳಿ.”

ಕೂತೆ. ಮೊಟ್ಟೆ ಬಂತು, ಬ್ರೆಡ್ಡು ಬಂತು, ನೀಲಿ ಅಂಚಿನಲ್ಲಿ ಚಹಾ ಬಂತು. ನಾನು ಬೇಕೆಂದೇ ಮೀಸೆಯ ಒಂದು ತುದಿ ಚಹಾದಲ್ಲಿ ಅದ್ದಿದೆ. ಅದು ಕಿತ್ತು ಬಂದು ಜೋತಾಡತೊಡಗಿತು. ಅಮ್ಮ ನೋಡಿದಳು. ಈಗ ನಗುತ್ತಾಳೆ, ಈಗ ಹೊಡೆಯುತ್ತಾಳೆ ಅಂತ ಕಾದೆ. ಅಕ್ಕಾ, ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಬಂದವನಿಗೆ ನಾಚಿಕೆಯಾಗಬಾರದು ಅಂತ.

ನಾನೇ ಮೀಸೆ ಕಿತ್ತೆ. “ಅಮ್ಮಾ, ನಾನು.”

“ಗೊತ್ತಪ್ಪ” ಅಂದಳು. ಹೋದ ವರ್ಷ ಬಂದಿದ್ದೆ, ನೆನಪಿದೆಯಾ ಅಂತ ಕೇಳುವವರಿಗೆ ಅವಳು ಅನ್ನುವ ‘ಗೊತ್ತಪ್ಪ’ ಇದೆಯಲ್ಲ, ಅದು. ಆಮೇಲೆ ಎದುರು ಕೂತು ಕೇಳಿದಳು:

“ನಿಮ್ಮ ತಾಯಿ ಇದ್ದಾರಾ?”

“ಇದ್ದಾರೆ.”

“ಆಗಾಗ ಹೋಗಿ ನೋಡ್ತಿರಿ. ಹೆತ್ತವರು ಬಾಯಿಬಿಟ್ಟು ಕೇಳಲ್ಲ.”

ಹೋಗಿ ನೋಡ್ತೀನಿ ಅಂದೆ. ಇನ್ನೇನು ಅನ್ನಲಿ? ಅವಳು ಅಡುಗೆಮನೆಗೆ ಹೋದಳು. ಪಾತ್ರೆ ಸದ್ದಾಯಿತು. ತಿರುಗಿ ಬಂದವಳೇ, “ಏ ಕಳ್ಳ! ಯಾವಾಗ ಬಂದೆ? ಬಂದವರ ಕಪ್ ಯಾಕೋ ಮುಟ್ಟಿದೆ?” ಎಂದು ಮುಂಗೈ ಮೇಲೆ ಪಟ್ಟನೆ ಹೊಡೆದಳು.

ಆ ಏಟು ಎಷ್ಟು ಚೆನ್ನಾಗಿತ್ತು ಅಂತ ನಿನಗೆ ಹೇಳಲಾರೆ. ಇನ್ನೊಂದು ಹೊಡೆಯಲಿ ಅಂತ ಕೈ ಅಲ್ಲೇ ಇಟ್ಟುಕೊಂಡಿದ್ದೆ.

ಡಾಕ್ಟರು ಮರೆವಿನ ಕಾಯಿಲೆ ಅಂದರು. ವಯಸ್ಸು ಇನ್ನೂ ಆಗಿಲ್ಲ, ಆದರೂ ಬಂದಿದೆ ಅಂದರು. ನೆನಪು ಹೋಗುತ್ತೆ, ಬರುತ್ತೆ, ಒಂದು ದಿನ ಬರುವುದು ನಿಲ್ಲುತ್ತೆ. ನನ್ನನ್ನು ಮರೆತು ನೆನಪಿಸಿಕೊಳ್ಳುತ್ತಾಳೆ. ನಿನ್ನ ಮಾತು ಮಾತ್ರ ದಿನಾ ಇದೆ: ಮಗಳು ಬರ್ತಾಳೆ, ಮಗಳಿಗೆ ಇದಾಗಲ್ಲ, ಮಗಳು ಇದನ್ನ ಹೀಗೆ ಮಡಿಸ್ತಾಳೆ. ನೀನು ಎದುರು ಬಂದು ನಿಂತರೆ ಗುರುತು ಸಿಕ್ಕೇ ಸಿಗುತ್ತದೆ. ಅದೂ ಹೋಗುವ ಮೊದಲು ಬಾ.

ತರಲೆ
(ಈ ಕಾಗದದಲ್ಲಿ ಪದವಿಗಳಿಲ್ಲ)

—

ಜುಲೈ 16

ತರಲೆ,

ಉತ್ತರ ತಡವಾಯಿತು. ಬರೆದು ಬರೆದು ಹರಿದೆ.

ನಾನು ಮನೆ ಬಿಟ್ಟ ಆ ಸಂಜೆ ನೀನು ಇರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದೀಯ, ಅದಕ್ಕೇ ಒಂದು ಸಲ ಹೇಳಿಬಿಡುತ್ತೇನೆ. ಮದುವೆ ನಿಶ್ಚಯವಾಗಿದ್ದವನು ಬೇಡ ಅಂದ ದಿನ ಅದು. ದಾರಿಯುದ್ದಕ್ಕೂ ತಡೆದುಕೊಂಡು ಬಂದಿದ್ದೆ. ನನ್ನ ಕೋಣೆ, ನನ್ನ ಹಾಸಿಗೆ, ಬಾಗಿಲು ಹಾಕಿಕೊಂಡು ಅಳುವುದು. ನನಗೆ ಬೇಕಾಗಿದ್ದು ಇಷ್ಟೇ. ಬಾಗಿಲು ತೆರೆದರೆ ನನ್ನ ಹಾಸಿಗೆಯ ಮೇಲೆ ಗೊತ್ತಿಲ್ಲದ ಹೆಂಗಸು, ಪಕ್ಕದಲ್ಲಿ ಅಳುವ ಮಗು. ಬಸ್ಸು ತಪ್ಪಿತಂತೆ. ಅಮ್ಮ ತುಟಿ ಮೇಲೆ ಬೆರಳಿಟ್ಟು, “ಸದ್ದು ಮಾಡಬೇಡ, ಈಗ ತಾನೇ ಮಲಗಿದ್ದಾರೆ. ಹಾಲು ಕಾಯಿಸು ಬಾ” ಅಂದಳು. ನನ್ನ ಮುಖ ನೋಡಲಿಲ್ಲ.

ಹಾಲು ಕಾಯಿಸಿದೆ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮನೆಗೆ ಮಾರಿ ಪರರಿಗೆ ಉಪಕಾರಿ ಅಂದೆ. “ಈ ಮನೇಲಿ ಮರ್ಯಾದೆ ಬೇಕಂದ್ರೆ ಹೊರಗಿನವಳಾಗಿ ಬರ್ಬೇಕು” ಅಂದೆ. ಅವಳು, “ಮೆಲ್ಲಗೆ ಮಾತಾಡು, ಅವರಿಗೆ ಕೇಳಿಸುತ್ತೆ” ಅಂದಳು. ನಾನು ಚೀಲ ತೆಗೆದುಕೊಂಡೆ.

ಮನೆಯಿಂದ ಹೋದ ಪ್ರತಿ ಅತಿಥಿಗೂ ಅಮ್ಮ ಕಾರ್ಡು ಬರೆಯುತ್ತಾಳಲ್ಲ, ಸುಖವಾಗಿ ತಲುಪಿದಿರಾ, ಮತ್ತೆ ಬನ್ನಿ ಅಂತ? ನಾನೂ ಕಾದೆ. ನಗಬೇಡ. ಲಾಡ್ಜಿನ ಅಂಚೆಯನ್ನೆಲ್ಲ ವಿಂಗಡಿಸುವವಳು ನಾನೇ. ಬರಲಿಲ್ಲ.

ಇಲ್ಲಿ ದಿನಕ್ಕೆ ಎಷ್ಟೋ ಜನರಿಗೆ “ಬನ್ನಿ, ಪ್ರಯಾಣ ಚೆನ್ನಾಗಿತ್ತಾ” ಅನ್ನುತ್ತೇನೆ. ಸಂಬಳಕ್ಕೆ. ದನಿ ಅಮ್ಮನದೇ ಅಂತ ನನಗೇ ಗೊತ್ತಾಗುತ್ತದೆ. ಆಗ ಮೈ ಉರಿಯುತ್ತದೆ.

ಬಾ ಅನ್ನಬೇಡ. ಔಷಧಿಯ ಹೆಸರು ಬರೆದು ಕಳಿಸು, ಇಲ್ಲಿ ಒಬ್ಬ ಡಾಕ್ಟರು ಉಳಿದುಕೊಂಡಿದ್ದಾರೆ, ಕೇಳುತ್ತೇನೆ.

ಅಕ್ಕ

—

ಆಗಸ್ಟ್ 9

ಮಗಳೇ,

ದೇವರ ಕೃಪೆಯಿಂದ ಚೆನ್ನಾಗಿದ್ದೇನೆ. ನಿನ್ನ ತಮ್ಮ ಕಾಗದ ಪೆನ್ನು ಕೈಗೆ ಕೊಟ್ಟು, ಅಕ್ಕನಿಗೆ ಬರೀ, ನಾನು ಓದಲ್ಲ ಅಂತ ಹೇಳಿ ಹೊರಗೆ ಹೋಗಿದ್ದಾನೆ. ಬಾಗಿಲ ಹಿಂದೆ ನಿಂತಿದ್ದಾನೆ, ಕಾಲು ಕಾಣುತ್ತಿದೆ.

ಪಾದ್ರಿಗಳು ಬಂದಿದ್ದರು. ನನಗೆ ಮರೆವು ಅಂತ ಇವನು ಹೇಳಿದ್ದಾನೆ. ಏನು ಮರೆತರೂ ದೇವರು ಕೊಟ್ಟ ವರ ನಿಮ್ಮನ್ನು ಬಿಟ್ಟುಹೋಗಲ್ಲ ಅಂತ ಸಮಾಧಾನ ಹೇಳಿದರು. ಅವರು ಹೋದ ಮೇಲೆ ನನಗೆ ಹೆದರಿಕೆ ಶುರುವಾಯಿತು. ವರ ಉಳಿದು ಮಕ್ಕಳು ಹೋಗಿಬಿಟ್ಟರೆ ನಾನೇನು ಮಾಡಲಿ? ಅದನ್ನು ಅವರ ಹತ್ತಿರ ಕೇಳಲು ನಾಚಿಕೆಯಾಯಿತು.

ನಿನಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಇಟ್ಟುಕೊಂಡಿದ್ದೇನೆ. ಈಗಲೇ ಬರೆಯುತ್ತೇನೆ. ಆ ಸಂಜೆ ಆ ಮಗುವಿನ ಅಳು ಕೇಳಿಸಿತು. ನಿನ್ನದು ಕೇಳಿಸಲಿಲ್ಲ. ನೀನು ಮೊದಲಿಂದಲೂ ಸದ್ದು ಮಾಡದೆ ಅಳುವವಳು. ಬಂದವರು ಬೇರೆಯವರು, ಅವರನ್ನು ಕೇಳಿ ಕೇಳಿ ಬಡಿಸಬೇಕು. ಮಕ್ಕಳು ಅಂದರೆ ನನ್ನ ಕೈ ಕಾಲು ಇದ್ದ ಹಾಗೆ ಅಂದುಕೊಂಡಿದ್ದೆ. ತನ್ನ ಕೈಗೆ ತಾನು ಯಾರಾದರೂ ಚಹಾ ಕೊಡುತ್ತಾರಾ? ಆದರೆ ಕೈಗೂ ನೋವು

ಒಲೆ ಮೇಲೆ ಹಾಲಿದೆ. ನೋಡಿ ಬರುತ್ತೇನೆ.

ತಾವು ನಮ್ಮ ಮನೆಗೆ ಬಂದು ಹೋದದ್ದು ಬಹಳ ಸಂತೋಷ. ದಾರಿಯಲ್ಲಿ ತೊಂದರೆಯಾಗಲಿಲ್ಲ ಎಂದು ನಂಬಿದ್ದೇನೆ. ಊಟಕ್ಕೆ ಹೆಚ್ಚೇನೂ ಇರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈ ಕಡೆ ಬಂದಾಗ ಮತ್ತೆ ಬನ್ನಿ. ನಿಮ್ಮ ಮನೆಯವರಿಗೆಲ್ಲ ನನ್ನ ವಂದನೆ ತಿಳಿಸಿ.

ನಿಮ್ಮ ದಾರಿ ಸುಖವಾಗಿರಲಿ ಎಂದು ಬೇಡುವ,
ಈ ಮನೆಯಾಕೆ

—

ಸೆಪ್ಟೆಂಬರ್ 18

ಅಕ್ಕಾ,

ಅಮ್ಮನ ಕಾಗದ ತಲುಪಿತಾ? ನಾನು ಓದಲಿಲ್ಲ. ದೇವರಾಣೆ. ಲಕೋಟೆ ಅಂಟಿಸುವಾಗ ಕಣ್ಣು ಮುಚ್ಚಿಕೊಂಡು ನಾಲಗೆಗೇ ಅಂಟಿಸಿಕೊಂಡೆ. ನೀನು ಒಂದು ಸಾಲೂ ಬರೆದಿಲ್ಲವಾದ್ದರಿಂದ ಅದರಲ್ಲಿ ಏನಿತ್ತು ಎಂಬ ಹೊಟ್ಟೆಕಿಚ್ಚಿನಲ್ಲಿ ಸಾಯುತ್ತಿದ್ದೇನೆ. ನನಗಂತೂ ಅವಳು ಇದುವರೆಗೆ ಬರೆದು ಕೊಟ್ಟಿರುವುದು ‘ಸೋಪು ತಾ’ ಎಂದು ಮಾತ್ರ.

ಇಲ್ಲಿಯ ವರ್ತಮಾನ. ನನ್ನ ಬಡ್ತಿ ಕಾಯಂ ಆಗಿದೆ. ನಾನೀಗ ದಿನಾ ನೀಲಿ ಅಂಚು. ಒಂದು ಬೆಳಿಗ್ಗೆ ಎದ್ದು ಹೋಗಿ ಹಲಗೆಯಿಂದ ನನ್ನ ಬಾಯಿ ಒಡೆದ ಕಪ್ಪನ್ನೇ ತಂದು ಚಹಾ ಹಾಕಿಸಿಕೊಂಡೆ. “ಛೆ, ಅದು ಮನೆಯವರದು, ನಿಮ್ಮ ತುಟಿಗೆ ತಾಗುತ್ತೆ” ಎಂದು ಕೈಯಿಂದ ಕಸಿದುಕೊಂಡಳು. ಇಪ್ಪತ್ತು ವರ್ಷ ನನ್ನ ತುಟಿಗೆ ತಾಗದ್ದು ಈಗ ತಾಗುತ್ತದಂತೆ! ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಬಣ್ಣದ ಡಬ್ಬಗಳನ್ನು ಸುಮ್ಮನೆ ತೊಳೆದೆ, ತೊಳೆದದ್ದನ್ನೇ ತೊಳೆದೆ.

ಅವಳ ಲೆಕ್ಕಕ್ಕೆ ನಾನೀಗ ಯಾವುದೋ ಊರಿನ ಒಬ್ಬ ಒಳ್ಳೆಯ ಹುಡುಗ. ತಿಂಗಳುಗಟ್ಟಲೆ ಇಲ್ಲೇ ಉಳಿದುಕೊಂಡಿದ್ದರೂ ಗೊಣಗದೆ ನೋಡಿಕೊಳ್ಳುತ್ತಿದ್ದಾಳೆ. ಅವಳ ವರದ ಬಗ್ಗೆ ಇನ್ನು ಮೇಲೆ ನನಗೆ ಅನುಮಾನವಿಲ್ಲ.

ಈಗ ಕೆಲಸದ ಮಾತು. ಮುಂದಿನ ತಿಂಗಳ ಆರಂಭಕ್ಕೆ ದೂರದ ಒಂದು ಸ್ಕೂಲಿನ ಗೋಡೆಗಳಿಗೆ ಅಕ್ಷರ ಬರೆಯಲು ಹೋಗಬೇಕು. ತಪ್ಪಿಸಿದರೆ ಅಂಗಡಿಯಿಂದ ನನ್ನನ್ನೇ ತಪ್ಪಿಸುತ್ತಾರೆ. ಅಮ್ಮನ ಜೊತೆ ಇರಲು ಪಕ್ಕದ ಮನೆ ಟೈಲರ್ ಅಕ್ಕನನ್ನು ಕೇಳಬಹುದು. ಕೇಳಿಲ್ಲ. ಇದು ನನ್ನ ಹೊಸ ಕುತಂತ್ರ ಅಂತ ನೀನು ಅಂದುಕೊಂಡರೆ, ಹೌದು.

ನನಗೆ ಆಗದ್ದು ನಿನಗೆ ಆಗಬಹುದು. ಮೊನ್ನೆಯೂ ನಿನ್ನ ಕೋಣೆ ಗುಡಿಸಿ, ಹಾಸಿಗೆ ಕೊಡವಿ ಹಾಕಿದಳು. “ಯಾರಿಗೆ?” ಅಂದೆ. “ನನ್ನ ಮಗಳಿಗೆ. ನಿಮಗೆ ಗೊತ್ತಿಲ್ಲ ಅವಳು” ಅಂದಳು.

ನನಗೆ ಗೊತ್ತಿಲ್ಲವಂತೆ ನೀನು. ಬಂದು ಪರಿಚಯ ಮಾಡಿಕೊಂಡು ಹೋಗು.

ಕೀಲಿ ಎಲ್ಲಿರುತ್ತದೆ ಅಂತ ಬರೆಯುವ ಅಗತ್ಯವಿಲ್ಲ. ಬಾಗಿಲು ಹಾಕಿದ್ದರೆ ತಾನೇ.

ಕುತಂತ್ರಿ,
ತರಲೆ

—

ಅಕ್ಟೋಬರ್ 7
ಮನೆಯಿಂದ

ತರಲೆ,

ಬಂದಿದ್ದೆ. ಇದನ್ನು ಸಕ್ಕರೆ ಡಬ್ಬದ ಕೆಳಗಿಟ್ಟು ಹೋಗುತ್ತಿದ್ದೇನೆ. ನೀನು ಸಂಜೆ ಬರುವವರೆಗೆ ಟೈಲರ್ ಅಕ್ಕ ಇರುತ್ತಾರೆ. ನಿನ್ನ ಮುಖ ನೋಡಿದರೆ ನನ್ನಿಂದ ಹೊರಡಲು ಆಗುವುದಿಲ್ಲ, ಅದಕ್ಕೇ.

ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ನಿಂತು “ಅಮ್ಮಾ” ಅಂದೆ. ಅವಳು ಮುಖ ಎತ್ತಿ ನೋಡಿದಳು. ಎಷ್ಟು ಚೆಂದ ನಕ್ಕಳು ಅಂತೀಯ. ಒಂದು ಗಳಿಗೆ ಗೆದ್ದೆ ಅಂದುಕೊಂಡೆ.

“ಬನ್ನಿ ಬನ್ನಿ, ಪ್ರಯಾಣ ಚೆನ್ನಾಗಿತ್ತಾ?” ಅಂದಳು.

ನನ್ನ ಚೀಲ ತಾನೇ ಇಳಿಸಿಕೊಂಡಳು. ಕಾಲಿಗೆ ಬಿಸಿನೀರು ತಂದಳು. ಹೊಸ ಟವೆಲ್ಲು ಮಡಿಕೆ ಬಿಚ್ಚಿ ಕೊಟ್ಟಳು. ಗಾಜಿನ ಬೀರು ತೆರೆದು ನೀಲಿ ಅಂಚಿನ ಕಪ್ ತೆಗೆದು, ಸೆರಗಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಎದುರು ಕೂತು ನನ್ನ ಮುಖವನ್ನೇ ನೋಡಿದಳು. “ತುಂಬ ದಣಿದಿದ್ದೀರಿ. ಅತ್ತ ಹಾಗಿದೆ. ಏನಾಯ್ತು ಅಂತ ಹೇಳ್ಬೇಕಿಲ್ಲ. ಇಲ್ಲಿ ಯಾರೂ ಕೇಳಲ್ಲ. ಕುಡೀರಿ.”

ಆ ಸಂಜೆ ನನಗೆ ಬೇಕಾಗಿದ್ದ ಮಾತು ಅದೇ, ತರಲೆ. ಅಕ್ಷರ ಅಕ್ಷರ ಅದೇ. ಹೊರಗಿನವಳಾಗಿ ಬಂದೆ, ಸಿಕ್ಕಿತು.

ಕಪ್ ಕೆಳಗಿಟ್ಟೆ. ಎದ್ದು ಅಡುಗೆಮನೆಗೆ ಹೋದೆ. ಹಲಗೆಯ ಮೇಲೆ ನನ್ನ ಹಸಿರು ಕಪ್ ಇತ್ತು. ಧೂಳಿಲ್ಲ, ಒಳಗೆ ಕಲೆಯಿಲ್ಲ. “ನನಗೆ ಇದ್ರಲ್ಲಿ ಕೊಡಿ” ಅಂತ ಕೈ ಚಾಚಿದೆ.

ಅಮ್ಮ ಬಂದು ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು.

“ಇದು ಕೊಡಕ್ಕಾಗಲ್ಲ. ಬೇರೆ ಏನು ಬೇಕಾದ್ರೂ ತಗೊಳ್ಳಿ, ತಪ್ಪು ತಿಳ್ಕೋಬೇಡಿ. ಇದು ನನ್ನ ಮಗಳದು. ಬಂದ್ರೆ ಅವಳು ಯಾವುದ್ರಲ್ಲಿ ಕುಡೀತಾಳೆ?”

ಅಮ್ಮ ಬಂದವರಿಗೆ ಏನನ್ನಾದರೂ ಇಲ್ಲ ಅಂದದ್ದು ನೀನು ನೋಡಿದ್ದೀಯಾ? ಉಟ್ಟ ಸೀರೆ ಕೇಳಿದರೂ ಕೊಡುವವಳು. ನನಗೆ ಇಲ್ಲ ಅಂದಳು.

“ಎಲ್ಲಿದ್ದಾಳೆ ಮಗಳು?” ಅಂದೆ.

“ಕೋಪ ಮಾಡ್ಕೊಂಡು ಹೋಗಿದ್ದಾಳೆ. ತಪ್ಪು ನನ್ನದೇ. ಬರ್ತಾಳೆ. ನೀವು ದೂರ ದೂರ ಓಡಾಡೋರು, ಎಲ್ಲಾದ್ರೂ ಸಿಕ್ರೆ ಒಂದು ಮಾತು ಹೇಳ್ತೀರಾ?”

“ಏನಂತ ಹೇಳ್ಲಿ?”

“ಅವಳ ಹಾಸಿಗೆ ಖಾಲಿ ಇದೆ ಅಂತ. ಅದಾದ್ಮೇಲೆ ಯಾರಿಗೂ ಕೊಟ್ಟಿಲ್ಲ ಅಂತ.”

ಹೇಳ್ತೀನಿ ಅಂದೆ.

ಮಲಗಲು ತನ್ನ ಮಂಚ ಬಿಟ್ಟುಕೊಟ್ಟು ತಾನು ಚಾಪೆ ಹಾಸಿಕೊಂಡಳು. ನಾಲ್ಕು ಹೆಜ್ಜೆ ಆಚೆ ನನ್ನ ಕೋಣೆ, ನನ್ನ ಹಾಸಿಗೆ, ಬಿಳಿ ಹೊದಿಕೆ. ಅದರ ಬಾಗಿಲಲ್ಲಿ ನಿಂತು ನೋಡಿದೆ, ಒಳಗೆ ಕಾಲಿಡಲಿಲ್ಲ. ಇದ್ದಷ್ಟು ದಿನವೂ ಬೆಳಿಗ್ಗೆ ಎದ್ದರೆ ಮತ್ತೆ “ಬನ್ನಿ, ಯಾವಾಗ ಬಂದ್ರಿ”. ನಾನೇ ನಿನ್ನ ಮಗಳು ಅಂತ ಒಂದು ಸಲ ಹೇಳಿದೆ. ನನ್ನ ಕೈ ಹಿಡಿದು, “ಅಷ್ಟು ಹಚ್ಕೊಂಡ್ರಲ್ಲ, ನಿಮ್ಮ ದೊಡ್ಡ ಮನಸ್ಸು” ಅಂದಳು.

ಅವಳ ಕಾಗದ ಆಗಸ್ಟಿನಲ್ಲೇ ತಲುಪಿತ್ತು. ಅರ್ಧದವರೆಗೆ ನಾನು ಮಗಳಾಗಿದ್ದೆ. ಕಾಗದ ಬಂದ ದಿನವೇ ಬಸ್ಸು ಹತ್ತಿದ್ದರೆ ಅಂತ ಲೆಕ್ಕ ಹಾಕುವುದನ್ನು ಬಿಡಬೇಕು. ಬಿಡಲು ಆಗುತ್ತಿಲ್ಲ.

ನಿನ್ನ ಬೋರ್ಡಿನಲ್ಲಿರುವಂತೆ ಹೋಗಲು ಅಪ್ಪಣೆ ಕೇಳಿದೆ. ಕೊಟ್ಟಳು.

ಅಕ್ಕ

—

ಅಕ್ಟೋಬರ್ 15

ಅಕ್ಕಾ,

ಸಕ್ಕರೆ ಡಬ್ಬದ ಕೆಳಗಿದ್ದದ್ದು ಸಿಕ್ಕಿತು. ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ಇರುವೆಗಳೂ ಓದಿದ್ದವು.

ನೀನು ಹೋದ ಮೇಲೆ ನಡೆದದ್ದನ್ನು ವರದಿ ಒಪ್ಪಿಸುವುದು ನನ್ನ ಕರ್ತವ್ಯ. ನಾನು ಬಂದಾಗ ಅಮ್ಮ ಚಡಪಡಿಸುತ್ತಿದ್ದಳು. “ಒಂದು ಹುಡುಗಿ ಬಂದಿದ್ಲು. ಹೋಗೋವಾಗ ಪಾತ್ರೆ ಎಲ್ಲ ತೊಳೆದಿಟ್ಟು ಹೋಗಿದ್ದಾಳೆ. ಬಂದವರ ಕೈಲಿ ಪಾತ್ರೆ ತೊಳೆಸೋದಾ! ನಾನು ಎಲ್ಲಿದ್ದೆ?” ಅಂದಳು. ಒರೆಸುವ ಬಟ್ಟೆ ಮಡಿಸಿಟ್ಟದ್ದನ್ನು ಎತ್ತಿ ತೋರಿಸಿದಳು. ಎರಡು ಮಡಿಕೆ, ಮೇಲೆ ಒಂದು ಅಡ್ಡ ಮಡಿಕೆ. “ನನ್ನ ಮಗಳೂ ಹೀಗೇ ಮಡಿಸ್ತಾಳೆ.”

ಬಟ್ಟೆಯನ್ನು ಬಹಳ ಹೊತ್ತು ನೋಡಿದಳು. ನಾನು ಕಾದೆ. ನೆನಪು ಬರುತ್ತಿದೆ, ಬಾಗಿಲವರೆಗೆ ಬಂದಿದೆ ಅನ್ನಿಸಿತು. ಆಮೇಲೆ ಮುಖ ಎತ್ತಿ, “ಆ ಹುಡುಗಿಯ ತಾಯಿ ಪುಣ್ಯವಂತೆ” ಅಂದಳು.

ಬಾಗಿಲವರೆಗೆ ಬಂದು ಹೋಯಿತು.

ನಿನಗೆ ಒಂದು ಕಾರ್ಡು ಬರೆಯಬೇಕಂತೆ. ಅವಳ ಕೈ ಈಗ ಅಕ್ಷರ ಕೂಡಿಸುವುದಿಲ್ಲ, ನನ್ನಿಂದ ಬರೆಸಿದಳು. ಬೋರ್ಡು ಬರೆಯುವ ದಪ್ಪ ಕುಂಚದಲ್ಲಿ ಬರೆಯಲೇ ಅಂದೆ, ನಗಲಿಲ್ಲ. ಕಾರ್ಡು ಇದರ ಜೊತೆಗೇ ಇದೆ, ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ:

‘ಸುಖವಾಗಿ ತಲುಪಿದಿರಾ? ನೀವು ಕೇಳಿದ್ದನ್ನು ಕೊಡಲಾಗಲಿಲ್ಲ ಎಂದು ಮನಸ್ಸಿಗೆ ಕಷ್ಟವಾಗಿದೆ. ಬೇಜಾರು ಮಾಡಿಕೊಳ್ಳಬೇಡಿ. ಮತ್ತೆ ಬನ್ನಿ.’

ಕೊನೆಗೂ ನಿನಗೆ ಕಾರ್ಡು ಬಂತು, ಅಕ್ಕಾ. ಅಭಿನಂದನೆ ಬರೆಯೋಣ ಅಂದುಕೊಂಡೆ, ಕೈ ಬರಲಿಲ್ಲ.

ನನ್ನ ಸಮಾಚಾರ ಇಷ್ಟೇ. ನಾನೀಗ ಹಿಂಬಾಗಿಲಿಂದ ಬರುವುದನ್ನು ಬಿಟ್ಟಿದ್ದೇನೆ. ಹಿಂದಿನಿಂದ ಗಂಡಸೊಬ್ಬ ಒಳಗೆ ಬಂದರೆ ಹೆದರುತ್ತಾಳೆ. ಕೆಲಸ ಮುಗಿಸಿ ಬಂದು ಮುಂಬಾಗಿಲು ತಟ್ಟುತ್ತೇನೆ, ಯಾರು ಅನ್ನುತ್ತಾಳೆ, ದಾರಿಹೋಕ ಅನ್ನುತ್ತೇನೆ. ಆಗ ಅವಳ ಮುಖ ಅರಳುವುದನ್ನು ನೀನೂ ನೋಡಿದ್ದೀಯ. ಅಷ್ಟು ಖುಷಿ ಮಗ ಬಂದಾಗ ಯಾವತ್ತೂ ಆಗಿರಲಿಲ್ಲ. ಅಥವಾ ಆಗಿತ್ತು, ತೋರಿಸಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ. ಯಾವುದು ಅಂತ ಇನ್ನು ಯಾರನ್ನು ಕೇಳಲಿ?

ಮೀಸೆ ಬೇಕಾಗುವುದಿಲ್ಲ.

ದಾರಿಹೋಕ

—

ಅಕ್ಟೋಬರ್ 23

ತರಲೆ,

ಕಾರ್ಡು ಕೌಂಟರಿನ ಗಾಜಿನ ಕೆಳಗಿಟ್ಟಿದ್ದೇನೆ. ಯಾರದು ಅಂತ ಮ್ಯಾನೇಜರು ಕೇಳಿದರು. ನಾನು ಒಂದು ಮನೆಗೆ ಹೋಗಿದ್ದೆ, ತುಂಬ ಚೆನ್ನಾಗಿ ನೋಡಿಕೊಂಡರು ಅಂದೆ.

ಶನಿವಾರ ಬರುತ್ತೇನೆ. ಇನ್ನು ಪ್ರತಿ ಶನಿವಾರ. ಭಾನುವಾರದ ಪಾಳಿ ಬೇರೆಯವರಿಗೆ ಕೊಟ್ಟಾಯಿತು. ಅತಿಥಿ ಬರುತ್ತಿದ್ದಾರೆ ಅಂತ ಅಮ್ಮನಿಗೆ ಮೊದಲೇ ಹೇಳು, ಬೀರು ತೆರೆದು ಕಪ್ ಒರೆಸಿಕೊಳ್ಳಲಿ. ಅವಳಿಗೆ ಅದು ಖುಷಿ. ಮಂಚ ಬಿಟ್ಟುಕೊಟ್ಟರೆ ಬೇಡ ಅನ್ನಬೇಡ, ನಾನೂ ಅನ್ನುವುದಿಲ್ಲ. ಪಾತ್ರೆ ತೊಳೆಯುವುದಿಲ್ಲ. ಹಸಿರು ಕಪ್ ಇರುವಲ್ಲೇ ಇರಲಿ. ನಾನು ಕೇಳುವುದಿಲ್ಲ.

ನೀನು ಬಸ್ ಸ್ಟಾಪಿಗೆ ಬಾ. ಒಬ್ಬಳೇ ಆ ಬಾಗಿಲ ಮುಂದೆ ನಿಲ್ಲಲು ನನ್ನಿಂದ ಆಗುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗಿ ತಟ್ಟೋಣ.

ಅಕ್ಕ